ಮುಧೋಳದ ಎಳೆನಾಯಿಯೂ ಗೃಹಸ್ಥನ ಮನೆಯೂ

ಬಾಗಲಕೋಟೆ ಜಿಲ್ಲೆಯಲ್ಲಿ ಘಟಪ್ರಭಾ ನದಿಯ ಆಸರೆಯಲ್ಲಿ ಬೆಳೆದಿರುವ ಮುಧೋಳವು ಕವಿಚಕ್ರವರ್ತಿ ರನ್ನನ ಊರೆಂದು ಕನ್ನಡಿಗರಿಗೆಲ್ಲ ಪರಿಚಿತವಾದುದು. 1948ರವರೆಗೆ ಇದು ಘೋರ್ಪಡೆ ಮನೆತನದವರು ಆಳುತ್ತಿದ್ದ ಸಂಸ್ಥಾನದ ರಾಜಧಾನಿಯಾಗಿದ್ದಿತು. ಕಬ್ಬು ಕಡಿಯುವ ಕಾಲದಲ್ಲಿ ನಾವು ಅಲ್ಲಿಗೆ ಹೋದೆವು. ದಾರಿಯ ಎರಡು ಕಡೆಯೂ ಎರೆಭೂಮಿ. ಕಬ್ಬಿನ ಹೊರೆ ಹೊತ್ತ ಟ್ರ್ಯಾಕ್ಟರುಗಳ ಸಾಲು. ಆದರೆ ನಮ್ಮನ್ನು ಅಲ್ಲಿಗೆ ಎಳೆದೊಯ್ದುದು ಕಾವ್ಯವೂ ಅಲ್ಲ, ಕಬ್ಬೂ ಅಲ್ಲ. ಆ ಊರಿನ ಹೆಸರನ್ನು ದೇಶದಲ್ಲೆಲ್ಲ ಹಬ್ಬಿಸಿರುವ ಬೇಟೆನಾಯಿ.

ನೀಳವಾದ ಮುಖ, ಆಳವಾದ ಎದೆ, ಬೆನ್ನಿಗೆ ಅಂಟಿದಂತಿರುವ ಹೊಟ್ಟೆ, ಬಿಲ್ಲಿನಂತೆ ಬಾಗಿದ ಬಾಲ, ಭುಜದವರೆಗೆ ಸುಮಾರು 70 ಸೆಂಟಿಮೀಟರ್ ಎತ್ತರ: ಇದು ಮುಧೋಳದ ನಾಯಿಯ ರೂಪ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಆಳಿದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಆದರಿಸಿ ಪೋಷಿಸಿದರೆಂದು ಊರವರು ಈಗಲೂ ಕೃತಜ್ಞತೆಯಿಂದ ನೆನೆಯುವರು. 2005ರಲ್ಲಿ ಭಾರತದ ಅಂಚೆ ಇಲಾಖೆಯು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಸಮೀಪದ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವುಂಟು. ಅದಲ್ಲದೆ ಸುತ್ತಲಿನ ಹಳ್ಳಿಗಳ ಒಕ್ಕಲು ಮಕ್ಕಳೂ ಮರಿಗಳನ್ನು ಸಾಕಿ ಮಾರುವರು.

ಈ ಮರಿಗಳು ಎಲ್ಲಿಗೆ ಹೋಗುವುವು? ಬಹುಮಟ್ಟಿಗೆ ದೂರದ ನಗರಗಳಿಗೆ. ಎರಡು ತಿಂಗಳ ಮರಿಯನ್ನು ಕಂಡು ಮೋಹಗೊಳ್ಳದವರಾರು? ಆರು ತಿಂಗಳು ಕಳೆಯುವಷ್ಟರಲ್ಲಿ ಅದೇ ಮರಿಯ ಮೇಲೆ ದೂರುಗಳು ಏಳುವುವು. ಬಂದವರ ಎದೆಯ ಮೇಲೆ ಹಾರುವುದು, ಮಕ್ಕಳ ಬಟ್ಟೆಯ ಅಂಚನ್ನು ಕಚ್ಚಿ ಎಳೆಯುವುದು, ಚಪ್ಪಲಿಗಳನ್ನು ಹರಿಯುವುದು, ಕರೆದರೆ ಬಾರದಿರುವುದು. ಗೃಹಸ್ಥನು ಬೇಸತ್ತು ಅದನ್ನು ಹಗಲೆಲ್ಲ ಕಿಟಕಿಯ ಸರಳಿಗೆ ಕಟ್ಟುವನು. ಕಟ್ಟಿದಷ್ಟೂ ಅದರ ಹಾರಾಟ ಹೆಚ್ಚುವುದು. ಕೊನೆಗೊಂದು ದಿನ ಅದು ಬೀದಿಪಾಲಾಗುವುದು. ಮನೆಯ ಅನ್ನವನ್ನೇ ನಂಬಿದ ಪ್ರಾಣಿಗೆ ಬೀದಿಯ ಬಾಳು ತಿಳಿಯದು. ಹೀಗೆ ಕೈಬಿಟ್ಟ ಎರಡು ನಾಯಿಗಳನ್ನು ನಮ್ಮ ಊರಿನ ಸಂತೆಪೇಟೆಯಲ್ಲಿ ನಾವು ಕಂಡಿದ್ದೇವೆ. ಅವುಗಳ ಎಲುಬು ಎಣಿಸುವಂತಿದ್ದಿತು.

ವಾಚಕರು ವಿಚಾರಮಾಡಬೇಕು. ಈ ನಾಯಿಯು ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ಜಾತಿಯದು. ಬಯಲಿನಲ್ಲಿ ಮೊಲವು ಚಲಿಸಿದೊಡನೆ ಅದರ ಬೆನ್ನಟ್ಟುವುದಕ್ಕೆಂದೇ ಹಲವು ತಲೆಮಾರುಗಳಿಂದ ಇದನ್ನು ಆರಿಸಿ ಬೆಳೆಸಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆ ನಿಷಿದ್ಧವಾಯಿತು; ಆದರೆ ರಕ್ತದಲ್ಲಿರುವ ಓಟವು ಕಾಯಿದೆಯಿಂದ ನಿಲ್ಲುವುದೆ? ಅಂಗಳದಲ್ಲಿ ಓಡುವ ಮಗುವೂ ಅದರ ಕಣ್ಣಿಗೆ ಚಲಿಸುವ ವಸ್ತುವೇ. ನಾಲ್ಕರಿಂದ ಆರು ತಿಂಗಳೊಳಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವಾಗ ಒಸಡಿನ ತುರಿಕೆಯಿಂದ ಸಿಕ್ಕಿದ್ದನ್ನೆಲ್ಲ ಕಡಿಯುವುದು. ಆಮೇಲೆ ಒಂದೂವರೆ ವರುಷದವರೆಗೂ ಅದರದು ಹುಡುಗಾಟದ ವಯಸ್ಸು. ಇದನ್ನು ದುಷ್ಟತನವೆಂದು ಭಾವಿಸುವುದು ನ್ಯಾಯವಲ್ಲ.

ತಿಮ್ಮಾಪುರದ ಕಡೆಯ ಒಂದು ತೋಟದ ಮನೆಗೆ ನಾವು ಹೋದಾಗ ಎಂಟು ತಿಂಗಳ ಗಂಡುನಾಯಿಯೊಂದು ಬಾಣದಂತೆ ಬಂದು ಮನೆಯ ಮುದುಕಿಯ ಮೇಲೆ ಹಾರಿತು. ಆಕೆ ಕೂಗಲಿಲ್ಲ, ಕೋಲೆತ್ತಲಿಲ್ಲ. ಕೈಕಟ್ಟಿ ಬೆನ್ನು ತಿರುಗಿಸಿ ನಿಂತಳು. ಅದು ಇನ್ನೆರಡು ಸಲ ಹಾರಿ, ಫಲವಿಲ್ಲವೆಂದು ಕಂಡು, ನಾಲ್ಕು ಕಾಲನ್ನೂ ನೆಲಕ್ಕೂರಿತು. ಒಡನೆಯೇ ಆಕೆ ಬಾಗಿ ಒಂದು ತುಣುಕು ಜೋಳದ ರೊಟ್ಟಿಯನ್ನು ಅದರ ಬಾಯಿಗಿಟ್ಟು ಕತ್ತು ಸವರಿದಳು.

“ಹಾರಿದಾಗ ನಾವ್ ಒದರಿದ್ರ ಅದಕ್ಕ ಆಟ ಅನಸ್ತದ್ರೀ ಮಾಸ್ತರ. ನಾವು ಸುಮ್ಮನ ನಿಂತ್ರ ಅದೂ ಸುಮ್ಮನ ನಿಲ್ಲತೈತಿ. ಆದ್ರ ಮನ್ಯಾಗಿನ ಮಂದಿ ಎಲ್ಲಾರೂ ಹಂಗ ಮಾಡಬೇಕ್ರಿ,” ಎಂದಳು.

ಸಾಮ, ದಾನ, ಭೇದ, ದಂಡಗಳೆಂಬ ನಾಲ್ಕು ಉಪಾಯಗಳಲ್ಲಿ ಎಳೆನಾಯಿಯ ವಿಷಯದಲ್ಲಿ ಮೊದಲಿನ ಎರಡೇ ಸಾಕೆಂಬುದನ್ನು ಆ ತಾಯಿ ಅಕ್ಷರವಿಲ್ಲದೆಯೇ ಅರಿತಿದ್ದಳು. ಹೊಡೆತದಿಂದ ನಾಯಿಯು ಭಯವನ್ನು ಕಲಿಯುವುದು, ವಿನಯವನ್ನಲ್ಲ. ಅಂಜಿದ ನಾಯಿಯೇ ಮುಂದೆ ಕಚ್ಚುವ ನಾಯಿ. ಆಕೆಯ ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯವಾದುದು. ತಂದೆಯು ಗದರಿಸಿದ ಹಾರಾಟವನ್ನು ಮಗನು ನಗುತ್ತ ಮೆಚ್ಚಿದರೆ ಮೂಕಪ್ರಾಣಿಗೆ ಯಾವುದು ನಿಯಮ?

ಇಂಥ ನಾಯಿಯನ್ನು ಸಾಕುವ ಗೃಹಸ್ಥರು ಗಮನಿಸತಕ್ಕ ಸಂಗತಿಗಳು ಕೆಲವುಂಟು. ಬೆಳಗು ಸಂಜೆ ಬಿಸಿಲಿಲ್ಲದ ಹೊತ್ತಿನಲ್ಲಿ ಬೇಲಿಯುಳ್ಳ ಬಯಲಿನಲ್ಲಿ ಅದು ಮನದಣಿಯೆ ಓಡಬೇಕು. ರಸ್ತೆಯಲ್ಲಿ ಹಗ್ಗವನ್ನು ಬಿಡಕೂಡದು. ಎಲುಬು ಬಲಿಯುವ ಮೊದಲು ವಾಹನದ ಹಿಂದೆ ಓಡಿಸಬಾರದು. ಮೈ ಕಡಿಯಲು ಬಂದರೆ ಆಟವನ್ನು ಅಲ್ಲಿಗೇ ನಿಲ್ಲಿಸಿ, ಕಡಿಯಲು ಬೇರೊಂದು ಗಟ್ಟಿ ಆಟಿಕೆಯನ್ನು ಕೊಡಬೇಕು. ಕರೆದಾಗ ಬಂದರೆ ಪ್ರತಿಸಲವೂ ಏನಾದರೊಂದು ತುತ್ತು ಸಿಕ್ಕಬೇಕು. ತಡವಾಗಿ ಬಂದುದಕ್ಕೆ ಬಯ್ಯಲಾಗದು. ಓಟದಷ್ಟೇ ನಿದ್ದೆಯೂ ಅವಶ್ಯ: ಮರಿಯು ದಿನದ ಹೆಚ್ಚಿನ ಭಾಗ ಮಲಗಬೇಕಾದ ಪ್ರಾಣಿ, ನಿದ್ದೆಗೆಟ್ಟಾಗ ಮಗುವಿನಂತೆಯೇ ರಚ್ಚೆಹಿಡಿಯುವುದು. ಮಕ್ಕಳೊಡನೆ ಅದನ್ನು ಒಂಟಿಯಾಗಿ ಬಿಡಕೂಡದು. ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ಕಾಲಕಾಲಕ್ಕೆ ಹಾಕಿಸಬೇಕು. ಆಟದಲ್ಲಿಯೇ ಆಗಲಿ, ಹಲ್ಲು ತಾಗಿ ಚರ್ಮ ಗೀರಿದರೆ ಹದಿನೈದು ನಿಮಿಷ ಸಾಬೂನು ಹಾಕಿ ಹರಿಯುವ ನೀರಿನಲ್ಲಿ ತೊಳೆದು ವೈದ್ಯರಲ್ಲಿಗೆ ಹೋಗಬೇಕು.

ಇಷ್ಟಕ್ಕೆ ಪುರಸೊತ್ತೂ ಬಯಲೂ ಇಲ್ಲದವರು ಈ ತಳಿಯ ಮರಿಯನ್ನು ತರದಿರುವುದೇ ಲೇಸೆಂದು ನಮ್ಮ ಅಭಿಪ್ರಾಯ. ಉಳ್ಳವರು ಒಂದೆರಡು ವರುಷ ತಾಳ್ಮೆಯಿಂದಿದ್ದರೆ, ಎಳೆತನದ ಹಾರಾಟವೆಲ್ಲ ತಣಿದು, ಬಾಗಿಲಲ್ಲಿ ಮಲಗಿ ಮನೆಯನ್ನು ಕಾಯುವ ಗಂಭೀರವಾದ ನಾಯಿಯೊಂದು ಅವರಿಗೆ ದೊರೆಯುವುದು. ಮುಧೋಳದ ಹಳ್ಳಿಗಳಲ್ಲಿ ಅಂಥವನ್ನು ನಾವು ಮನೆಮನೆಯ ಕಟ್ಟೆಯ ಮೇಲೂ ಕಂಡೆವು.