ಇನ್ನೂ ಎಷ್ಟು ಓದುತ್ತಾಳೆ?

ನಮ್ಮ ಸಮುದಾಯದ ಹೆಣ್ಣು ಮಕ್ಕಳು ಓದುವುದಿಲ್ಲ ಎಂಬ ದೂರು ಈಗ ಹಿಂದಿನಷ್ಟು ಕೇಳಿ ಬರುತ್ತಿಲ್ಲ. ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯ ಸುತ್ತಲಿನ ಗಲ್ಲಿಗಳಲ್ಲಿ ಹತ್ತನೇ ತರಗತಿ ಮುಗಿಯುತ್ತಲೇ ಮದುವೆಯ ಮಾತು ಎತ್ತುತ್ತಿದ್ದ ಮನೆಗಳವರು ಇಂದು 'ಡಿಗ್ರಿ ಮುಗಿಯಲಿ' ಎನ್ನುತ್ತಾರೆ. ಅಲ್‌ಹಮ್ದುಲಿಲ್ಲಾಹ್, ಇದು ಸಣ್ಣ ಬದಲಾವಣೆಯೇನಲ್ಲ. ಆದರೆ ಮಗಳು ಅದರಾಚೆಗೆ ಹೋಗಿ 'ಸಂಶೋಧನೆ ಮಾಡುತ್ತೇನೆ' ಎಂದರೆ ಮನೆಯವರು ಗಾಬರಿಯಾಗುತ್ತಾರೆ. ಸಂಶೋಧನೆ ಎಂದರೆ ಏನು, ಅದರಿಂದ ಯಾರಿಗೆ ಏನು ಲಾಭ ಎಂಬುದು ತಿಳಿಯದಿರುವುದೇ ಆ ಗಾಬರಿಗೆ ಕಾರಣ.

ನಾನು ಮದ್ರಸದಲ್ಲಿ ಕಲಿತು, ಬಳಿಕ ಬಿ.ಎ. ಮಾಡಿದವಳು. ಇಪ್ಪತ್ತು ವರ್ಷಗಳಿಂದ ಈ ಭಾಗದಲ್ಲಿ ಪಾಠ ಹೇಳುತ್ತಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎಂ.ಎಸ್ಸಿ. ಮುಗಿಸಿ, ತಳಿಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತೇನೆ ಎಂದು ಮನೆಯಲ್ಲಿ ಹೇಳಿದಾಗ ಅವಳ ತಾಯಿ ನನಗೆ ಹೇಳಿ ಕಳುಹಿಸಿದರು. ಹೋದೆ. ತಂದೆಗೆ ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಬಿಡಿಭಾಗಗಳ ಸಣ್ಣ ಅಂಗಡಿ. ಮೇಸ್ತ್ರಿ ಕೆಲಸ ಮಾಡುವ ಚಿಕ್ಕಪ್ಪನೂ ಅಲ್ಲೇ ಕುಳಿತಿದ್ದರು.

"ಆಪಾ, ನೀವಾದರೂ ಬುದ್ಧಿ ಹೇಳಿ. ಇನ್ನೂ ಎಷ್ಟು ಓದುತ್ತಾಳೆ? ಐದು ವರ್ಷವಂತೆ!" ಎಂದರು ತಾಯಿ.

"ರೋಗಿಗಳನ್ನು ನೋಡುವ ಡಾಕ್ಟರ್ ಆಗುವುದಾದರೆ ಸಾಲ ಮಾಡಿಯಾದರೂ ಓದಿಸುತ್ತೇನೆ ಟೀಚರ್. ಇದು ಅದೂ ಅಲ್ಲ. ಇದರಿಂದ ಯಾರಿಗೆ ಪ್ರಯೋಜನ?" ಎಂದರು ತಂದೆ.

ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ ಹೇಳಿದಳು: "ಖಾಲಾರ ಎರಡು ಮಕ್ಕಳು ವರ್ಷ ತುಂಬುವ ಮೊದಲೇ ಹೋದವು. ಎಲ್ಲರೂ ಖಾಲಾರನ್ನೇ ಬೈದರು. ಕಾಲ್ಗುಣ ಎಂದರು, ನಜರ್ ಎಂದರು. ಮಕ್ಕಳು ಯಾಕೆ ಹೋದವು ಎಂದು ಒಬ್ಬರೂ ಕೇಳಲಿಲ್ಲ. ನಾನು ಅದನ್ನು ಕೇಳಬೇಕು."

ಮನೆಯೊಳಗೆ ಮೌನ ಕವಿಯಿತು. ಖಾಲಾ ಮತ್ತು ಅವರ ಗಂಡ ಒಂದೇ ಅಜ್ಜನ ಮೊಮ್ಮಕ್ಕಳು. ಕಾಯಿಲೆ ವಂಶಪಾರಂಪರ್ಯದ್ದು ಎಂದು ವೈದ್ಯರು ಹೇಳಿದ್ದರಂತೆ. ಆ ಮಾತು ಯಾರಿಗೂ ಬೇಕಾಗಿರಲಿಲ್ಲ.

ಸಹೋದರಿಯರೇ, ಇದು ಒಂದು ಮನೆಯ ಕಥೆಯಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನಲ್ಲಿ ಹುಟ್ಟಿದ ಸುಮಾರು ಒಂದು ಲಕ್ಷ ಶಿಶುಗಳ ರಕ್ತವನ್ನು ಪರೀಕ್ಷಿಸಿದರು. ತಂದೆ ತಾಯಿ ಪರಸ್ಪರ ಸಂಬಂಧಿಗಳೇ ಎಂಬುದನ್ನೂ ಕೇಳಿ ಬರೆದುಕೊಂಡರು. ಸುಮಾರು ಮೂರು ಮದುವೆಗಳಲ್ಲಿ ಒಂದು ರಕ್ತಸಂಬಂಧದಲ್ಲೇ ನಡೆದಿತ್ತು. ನಮ್ಮವರಲ್ಲಿ ಅದು ಹೆಚ್ಚಾಗಿ ಅಣ್ಣ ತಮ್ಮ, ಅಕ್ಕ ತಂಗಿಯರ ಮಕ್ಕಳ ನಡುವಿನ ಮದುವೆ. ಹಿಂದೂ ಕುಟುಂಬಗಳಲ್ಲಿ ಅದಕ್ಕಿಂತಲೂ ಹತ್ತಿರದ ಸೋದರಮಾವನ ಸಂಬಂಧವೂ ಸಾಕಷ್ಟಿತ್ತು. ಅಂದರೆ ಇದು ಒಂದು ಸಮುದಾಯದ ತಲೆಗೆ ಕಟ್ಟುವ ವಿಷಯವಲ್ಲ.

ಇದು ಹೇಗೆ ನಡೆಯುತ್ತದೆ? ನಮ್ಮ ಪ್ರತಿಯೊಂದು ಗುಣಕ್ಕೂ ಕಾರಣವಾದ ವಂಶವಾಹಿಗಳು ಜೋಡಿಯಾಗಿರುತ್ತವೆ. ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ಕೆಲವು ಕಾಯಿಲೆಗಳಲ್ಲಿ ಒಂದು ದೋಷಪೂರಿತವಾಗಿದ್ದರೂ ಇನ್ನೊಂದು ಸರಿಯಿದ್ದರೆ ಮನುಷ್ಯ ಆರೋಗ್ಯವಾಗಿಯೇ ಇರುತ್ತಾನೆ. ಗಂಡ ಹೆಂಡತಿ ಇಬ್ಬರಲ್ಲೂ ಅದೇ ದೋಷ ಅಡಗಿದ್ದರೆ ಮಾತ್ರ, ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದೇ ಅಜ್ಜ ಅಜ್ಜಿಯ ಮೊಮ್ಮಕ್ಕಳಲ್ಲಿ ಒಂದೇ ದೋಷ ಇರುವ ಸಂಭವ ಹೆಚ್ಚು. ಸಾಮಾನ್ಯವಾಗಿ ನೂರರಲ್ಲಿ ಎರಡು ಮೂರು ಮಕ್ಕಳು ಗಂಭೀರ ಜನ್ಮದೋಷದೊಂದಿಗೆ ಹುಟ್ಟಿದರೆ, ಇಂತಹ ಮದುವೆಗಳಲ್ಲಿ ಆ ಸಂಖ್ಯೆ ಹೆಚ್ಚು ಕಡಿಮೆ ಎರಡು ಪಟ್ಟಾಗುತ್ತದೆ. ಉಳಿದ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ ಎಂಬುದೂ ನಿಜ. ಶರೀಅತ್ ಈ ಮದುವೆಗೆ ಅನುಮತಿ ಕೊಟ್ಟಿದೆ, ಕಡ್ಡಾಯ ಮಾಡಿಲ್ಲ. ಒಂದು ಮಾತಂತೂ ಸ್ಪಷ್ಟ: ಇಂತಹ ಕಾಯಿಲೆಯಲ್ಲಿ ತಾಯಿಯ ಪಾಲು ಎಷ್ಟೋ ತಂದೆಯ ಪಾಲೂ ಅಷ್ಟೇ. ಸೊಸೆಯೊಬ್ಬಳನ್ನೇ ದೂರುವುದು ಅನ್ಯಾಯ.

ಇಷ್ಟು ಹೇಳಿ, ತಂದೆಯ ಪ್ರಶ್ನೆಗೆ ಬಂದೆ. ಅಂಗಡಿಯಲ್ಲಿ ಕೀಲಿಮಣೆ ಮಾರುತ್ತೀರಲ್ಲ, ಅದರಲ್ಲಿ ಕನ್ನಡ ಹೇಗೆ ಮೂಡುತ್ತದೆ ಎಂದು ಕೇಳಿದೆ. ಅವರು ನಕ್ಕರು. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲಾ ಸೇರಿ ನೂರಾರು ರೂಪಗಳು. ಪ್ರತಿಯೊಂದಕ್ಕೂ ಒಂದು ಕೀಲಿ ಇಡಲಾಗದು. ಕೀಲಿಯಲ್ಲಿ ಧ್ವನಿ ಮಾತ್ರ ಇರಲಿ, ಅವುಗಳನ್ನು ಜೋಡಿಸಿ ಅಕ್ಷರದ ರೂಪ ಕೊಡುವ ಕೆಲಸವನ್ನು ಕಂಪ್ಯೂಟರ್ ಮಾಡಲಿ ಎಂಬ ದಾರಿಯನ್ನು ಕೆ.ಪಿ. ರಾವ್ ಅವರು ಹುಡುಕಿದರು. 'ನುಡಿ' ತಂತ್ರಾಂಶದ ಕೀಲಿಮಣೆ ನಿಂತಿರುವುದು ಅದರ ಮೇಲೆಯೇ. ಆ ಬುದ್ಧಿಯ ಫಲವನ್ನು ಇವರು ದಿನವೂ ಮಾರುತ್ತಿದ್ದರು.

ಚಿಕ್ಕಪ್ಪ ಕೇಳಿದರು, "ನಮ್ಮ ಕೆಲಸದಲ್ಲೂ ಇಂತಹದ್ದು ಇದೆಯಾ?" ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ಕೇಂದ್ರವನ್ನು ಆರಂಭಿಸಿದರು. ಹಳ್ಳಿಯ ಬಡವರ ಅಗತ್ಯಗಳ ಬಗ್ಗೆ ಸಂಶೋಧನೆ ಮಾಡುವುದೇ ಅದರ ಉದ್ದೇಶ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಗೂಡಿನಲ್ಲಿ ಸುಡದೆಯೇ ಗಟ್ಟಿ ಇಟ್ಟಿಗೆ ಮಾಡುವ ಕ್ರಮವನ್ನು ಅಲ್ಲಿ ರೂಪಿಸಿದರು. ಸುಡುವುದಿಲ್ಲವಾದ್ದರಿಂದ ಸೌದೆಯ ಖರ್ಚಿಲ್ಲ. "ಅರೆ, ಮಣ್ಣಿನ ಬ್ಲಾಕ್! ಅದರಲ್ಲಿ ಮೂರು ಮನೆ ಕಟ್ಟಿದ್ದೇನೆ" ಎಂದರು ಚಿಕ್ಕಪ್ಪ. ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸಿ ಸೌದೆ ಉಳಿಸುವ 'ಅಸ್ತ್ರ ಒಲೆ'ಯೂ ಅಲ್ಲಿಯದೇ. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸೌದೆ ತರಲು, ನೀರು ಹೊರಲು ಯಾರು ಎಷ್ಟು ಹೊತ್ತು ಕಳೆಯುತ್ತಾರೆ ಎಂಬುದನ್ನೂ ಅವರು ಅಳೆದರು. ಹೆಂಗಸರ ದುಡಿಮೆ ಹೀಗೆ ಲೆಕ್ಕಕ್ಕೆ ಬಂತು.

ಮದ್ರಸದಲ್ಲಿ ಓದಿದ ನನಗೆ ಇದೆಲ್ಲ ಹೊರಗಿನ ವಿದ್ಯೆ ಎನಿಸಿಲ್ಲ. ಉರ್ದುವಿನಲ್ಲಿ ಸಂಶೋಧನೆಗೆ 'ತಹ್ಕೀಕ್' ಎನ್ನುತ್ತೇವೆ. 'ಹಕ್', ಅಂದರೆ ಸತ್ಯ ಎಂಬ ಮೂಲದಿಂದ ಬಂದ ಪದ ಅದು. ಕನ್ನಡದ 'ಹಕ್ಕು' ಕೂಡ ಅದೇ ಮೂಲದ್ದು. ಹದೀಸ್ ಪಾಠದಲ್ಲಿ ನಾವು ಮೊದಲು ಕಲಿಯುವುದೇ ಇದನ್ನು: ಈ ಮಾತನ್ನು ಯಾರು ಹೇಳಿದರು, ಯಾರಿಂದ ಕೇಳಿದರು, ಅವರು ನಂಬಿಕೆಗೆ ಅರ್ಹರೇ? ಕೇಳಿದ್ದನ್ನೆಲ್ಲ ವಿಚಾರಿಸದೆ ಒಪ್ಪಬಾರದೆಂದು ಹೇಳುವ ಪರಂಪರೆ ನಮ್ಮದು. ಶಿಕ್ಷಣದ ವಿಷಯವನ್ನೇ ನೋಡಿ. ಮುಸ್ಲಿಮರ ಮಕ್ಕಳೆಲ್ಲ ಮದ್ರಸಕ್ಕೇ ಹೋಗುತ್ತಾರೆ ಎಂದು ಬಹಳ ಮಂದಿ ನಂಬಿದ್ದರು. 2006ರಲ್ಲಿ ಸಾಚಾರ್ ಸಮಿತಿ ಲೆಕ್ಕ ಹಾಕಿದಾಗ, ಶಾಲೆಗೆ ಹೋಗುವ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಕ್ಕೆ ಹೋಗುವವರು ಶೇಕಡಾ ಮೂರು ನಾಲ್ಕು ಮಾತ್ರ ಎಂದು ಗೊತ್ತಾಯಿತು. ವೇದಿಕೆಯ ನೂರು ಭಾಷಣಗಳಿಂದ ಆಗದ ಕೆಲಸವನ್ನು ಒಂದು ಲೆಕ್ಕ ಮಾಡಿತು.

"ಹೆಣ್ಣು ಮಕ್ಕಳಿಗೆ ಅಲ್ಲೆಲ್ಲ ಜಾಗ ಕೊಡುತ್ತಾರಾ?" ಎಂಬುದು ತಾಯಿಯ ಅಳುಕು. 1933ರಲ್ಲಿ ಕಮಲಾ ಭಾಗವತ್ ಎಂಬ ಯುವತಿ ಇದೇ ವಿಜ್ಞಾನ ಸಂಸ್ಥೆಗೆ ಬಂದಾಗ ಹೆಣ್ಣೆಂಬ ಕಾರಣಕ್ಕೆ ಸಿ.ವಿ. ರಾಮನ್ ಪ್ರವೇಶ ನಿರಾಕರಿಸಿದ್ದರು. ಆಕೆ ಹಟ ಬಿಡಲಿಲ್ಲ. ಕೊನೆಗೆ ಷರತ್ತಿನ ಮೇಲೆ ಸೇರಿ, ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಬಗ್ಗೆ ಕೆಲಸ ಮಾಡಿ, 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಕಮಲಾ ಸೊಹೊನಿ ಎಂದು ಪ್ರಸಿದ್ಧರಾದವರು ಅವರೇ. ನಮ್ಮವರ ಉದಾಹರಣೆ ಬೇಕೆಂದರೆ ಅಲಿಗಢದಲ್ಲಿ ಓದಿದ ಒಬೈದ್ ಸಿದ್ದೀಖಿ ಇದ್ದಾರೆ. ಕಳಿತ ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣವಿದೆಯಲ್ಲ, ಅದಕ್ಕೆ ವಾಸನೆ ಮತ್ತು ರುಚಿ ಹೇಗೆ ತಿಳಿಯುತ್ತದೆ ಎಂದು ಕೇಳುತ್ತಾ ಅವರು ತಳಿಶಾಸ್ತ್ರದಲ್ಲಿ ಹೆಸರು ಮಾಡಿದರು. 1990ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿ ಬೆಳೆಸಿದರು. 2006ರಲ್ಲಿ ಪದ್ಮವಿಭೂಷಣ ಪಡೆದ ಅವರು 2013ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು.

ಇನ್ನು ಖರ್ಚಿನ ಮಾತು. ಪಿಎಚ್.ಡಿ.ಗೆ ಲಕ್ಷಗಟ್ಟಲೆ ಕಟ್ಟಬೇಕೆಂದು ಆ ತಂದೆ ತಿಳಿದಿದ್ದರು. ವಿಜ್ಞಾನದ ವಿದ್ಯಾರ್ಥಿಗಳು ಸಿ.ಎಸ್.ಐ.ಆರ್.-ಯು.ಜಿ.ಸಿ. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಪಡೆದರೆ ಅವರಿಗೇ ಶಿಷ್ಯವೇತನ ಸಿಗುತ್ತದೆ. 2023ರ ಜನವರಿಯಿಂದ ಮೊದಲ ಎರಡು ವರ್ಷಕ್ಕೆ ಅದನ್ನು ತಿಂಗಳಿಗೆ 37,000 ರೂಪಾಯಿಗೆ ಏರಿಸಲಾಗಿದೆ. ಅಲ್ಪಸಂಖ್ಯಾತರಿಗೆಂದು 2009ರಲ್ಲಿ ಆರಂಭವಾಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ 2022-23ರಿಂದ ನಿಂತಿದೆ. ಆದ್ದರಿಂದ ನಮ್ಮ ಮಕ್ಕಳು ಈ ಪರೀಕ್ಷೆಗೆ ಇನ್ನಷ್ಟು ಗಂಭೀರವಾಗಿ ಸಿದ್ಧರಾಗಬೇಕು.

ತಂದೆ ಆ ದಿನ ಹೌದು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ವಾರದ ಬಳಿಕ ಪರೀಕ್ಷೆಯ ಶುಲ್ಕ ಕೊಟ್ಟರು. ಮೊದಲ ಸಲ ಅವಳಿಗೆ ಜೆ.ಆರ್.ಎಫ್. ಸಿಗಲಿಲ್ಲ. ಈಗ ಮತ್ತೆ ಓದುತ್ತಿದ್ದಾಳೆ. ಬಂದ ಸಂಬಂಧಗಳಿಗೆ 'ಓದು ನಿಲ್ಲಿಸಬಾರದು' ಎಂಬ ಷರತ್ತನ್ನು ತಾಯಿಯೇ ಹಾಕುತ್ತಿದ್ದಾರೆ.

ಆ ಖಾಲಾರನ್ನು ಇತ್ತೀಚೆಗೆ ಒಂದು ವಲೀಮಾದಲ್ಲಿ ಕಂಡೆ. ಹುಡುಗಿ ಅವರಿಗೆ ಎಲ್ಲವನ್ನೂ ಕಾಗದದ ಮೇಲೆ ಬರೆದು ವಿವರಿಸಿದ್ದಳಂತೆ. "ಟೀಚರ್, ಹನ್ನೊಂದು ವರ್ಷ ನಾನೇ ಮಕ್ಕಳನ್ನು ತಿಂದುಕೊಂಡೆ ಎಂದು ತಿಳಿದಿದ್ದೆ" ಎಂದು ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ತಾಯಂದಿರೇ, ಸಂಬಂಧದೊಳಗೆ ಮದುವೆ ಮಾಡುವ ಮುನ್ನ ಕುಟುಂಬದಲ್ಲಿ ಇಂತಹ ಕಾಯಿಲೆ ಕಾಣಿಸಿದ್ದರೆ ಅನುವಂಶೀಯತೆಯ ತಜ್ಞ ವೈದ್ಯರ ಸಲಹೆ ಕೇಳಿರಿ. ಮಗು ಕಳೆದುಕೊಂಡವಳನ್ನು ದೂರುವ ನಾಲಗೆಯನ್ನು ತಡೆಯಿರಿ. ನಿಮ್ಮ ಮಗಳು 'ಯಾಕೆ' ಎಂದು ಕೇಳಿದರೆ, ಆ ಪ್ರಶ್ನೆಗೆ ಉತ್ತರ ಹುಡುಕಲು ಅವಳಿಗೆ ಐದು ವರ್ಷ ಬೇಕಾದರೆ, ಕೊಡಿ. ಆ ಉತ್ತರಕ್ಕಾಗಿ ಎಷ್ಟೋ ಮನೆಗಳಲ್ಲಿ ಹೆಂಗಸರು ಅದಕ್ಕಿಂತ ಹೆಚ್ಚು ವರ್ಷ ಕಾದಿದ್ದಾರೆ.