ಉಳಿದಿರುವುದೆಷ್ಟು?

ಈಗ ಎಷ್ಟು ಗಂಟೆಯೆಂಬುದನ್ನು ಕೈಗಡಿಯಾರ ಹೇಳುತ್ತದೆ. ತಾನು ಇನ್ನೆಷ್ಟು ಹೊತ್ತು ನಡೆಯಬಲ್ಲೆನೆಂಬುದನ್ನು ಮಾತ್ರ ಸಾಮಾನ್ಯವಾಗಿ ಹೇಳುವುದಿಲ್ಲ. ಈ ಸಣ್ಣ ಕೊರತೆಯ ಬೆಲೆಯೇನೆಂಬುದನ್ನು ಪರಶುರಾಂಪುರ ಹೋಬಳಿಯ ಹಳ್ಳಿಯೊಂದರ ಮೇಷ್ಟರು ಒಮ್ಮೆ ಅರಿಯಬೇಕಾಯಿತು.

ಮೇಷ್ಟರ ಕೈಯಲ್ಲಿದ್ದುದು ಎಚ್‌ಎಂಟಿ ಜನತಾ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಡನೆ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಾರ್ಖಾನೆಯು ಜನಸಾಮಾನ್ಯರಿಗೆ ಒದಗಿಸಿದ ಗಡಿಯಾರಗಳಲ್ಲಿ ಅದೂ ಒಂದು. ಅದಕ್ಕೆ ಬ್ಯಾಟರಿ ಬೇಕಿಲ್ಲ. ದಿನಕ್ಕೊಮ್ಮೆ ಕೀಲಿ ಕೊಟ್ಟರೆ ಸಾಕು. ಮಧ್ಯಾಹ್ನ ಒಂದಕ್ಕೆ ಶಾಲೆಯಲ್ಲಿ ಊಟದ ಗಂಟೆ ಬಾರಿಸಿದೊಡನೆ ಮೇಷ್ಟರು ಕಂಬಕ್ಕೊರಗಿ ನಿಂತು, ಗಡಿಯಾರದ ಪಕ್ಕದ ತಿರುಪನ್ನು ಎರಡು ಬೆರಳುಗಳಿಂದ ಮೆಲ್ಲನೆ ತಿರುಗಿಸುವರು. ಊರಿನ ಜನರು ಸಮಯವನ್ನು ಕೇಳಿ ತಿಳಿಯುತ್ತಿದ್ದುದೂ ಅವರಿಂದಲೇ.

ಒಂದು ಮಂಗಳವಾರ ಅವರ ಪತ್ನಿಗೆ ಜ್ವರ ಏರಿತು. ಊಟದ ಗಂಟೆಯಾದೊಡನೆ ಮೇಷ್ಟರು ಮನೆಗೆ ಓಡಿದರು. ಕೀಲಿ ಕೊಡುವುದು ಮರೆತುಹೋಯಿತು. ರಾತ್ರಿಯೆಲ್ಲ ಹಾಸಿಗೆಯ ಬಳಿ ಕುಳಿತಿದ್ದು, ನೆರೆಮನೆಯವರು ಬಂದ ಮೇಲೆ, ಬುಧವಾರ ಮುಂಜಾನೆ ಲಾಟೀನಿನ ಬೆಳಕಿನಲ್ಲಿ ಗಡಿಯಾರ ನೋಡಿದರು: ಐದು ಗಂಟೆ ಐದು ನಿಮಿಷ. ಅಂದು ಹತ್ತನೆಯ ತರಗತಿಯ ಮಕ್ಕಳನ್ನು ಪರೀಕ್ಷೆಗಾಗಿ ಚಳ್ಳಕೆರೆಗೆ ಕರೆದೊಯ್ಯಬೇಕಾಗಿತ್ತು. ಬಸ್ಸು ಆರಕ್ಕೆ. ‘ಮಕ್ಕಳು ಇನ್ನೊಂದು ಗಳಿಗೆ ಮಲಗಲಿ’ ಎಂದುಕೊಂಡರು. ಆದರೆ ಗಡಿಯಾರ ಆಗಲೇ ನಿಂತು ಮುಕ್ಕಾಲು ಗಂಟೆ ಕಳೆದಿತ್ತು. ಬಸ್ಸು ಹೊರಟುಹೋಯಿತು. ಶೇಂಗಾ ಚೀಲಗಳ ಲಾರಿಯೊಂದನ್ನು ಬೇಡಿ ಹತ್ತಿ ಪರೀಕ್ಷಾ ಕೇಂದ್ರ ಸೇರುವಷ್ಟರಲ್ಲಿ ಇಪ್ಪತ್ತು ನಿಮಿಷಗಳು ಕಳೆದಿದ್ದವು. ಚೆನ್ನಾಗಿ ಓದುತ್ತಿದ್ದ ಒಬ್ಬ ಹುಡುಗಿಯ ಕೊನೆಯ ಪ್ರಶ್ನೆಗೆ ಉತ್ತರ ಅರ್ಧಕ್ಕೇ ನಿಂತಿತು.

“ಗಡಿಯಾರ ನಿಂತರೆ ನೀವೇನು ಮಾಡ್ತೀರಿ ಸಾರ್?” ಎಂದಳು ಆಕೆ. ಆ ಮಾತು ಮೇಷ್ಟರನ್ನು ಬೈಗುಳಕ್ಕಿಂತ ಹೆಚ್ಚಾಗಿ ನೋಯಿಸಿತು.

ಇಂತಹ ಗಡಿಯಾರದ ಜೀವಾಳ ಉಕ್ಕಿನ ಒಂದು ಸುರುಳಿ. ಅದನ್ನು ದುಂಡನೆಯ ಪುಟ್ಟ ಡಬ್ಬಿಯೊಂದರಲ್ಲಿ ಅಡಗಿಸಿರುತ್ತಾರೆ. ಕೀಲಿ ಕೊಟ್ಟಾಗ ಡಬ್ಬಿಯ ನಡುವಿನ ಅಚ್ಚು ತಿರುಗಿ ಸುರುಳಿಯನ್ನು ಬಿಗಿಗೊಳಿಸುತ್ತದೆ. ಗಡಿಯಾರ ನಡೆಯುವಾಗ ಸುರುಳಿಯು ಬಿಚ್ಚಿಕೊಳ್ಳುತ್ತ ಡಬ್ಬಿಯನ್ನು ತಿರುಗಿಸುತ್ತದೆ. ಹೀಗೆ ಸುಮಾರು 40 ಗಂಟೆಗಳ ಬಲ ಅದರಲ್ಲಿರುತ್ತದೆ. ಅಚ್ಚಿನ ಸುತ್ತುಗಳು ಜಮೆ. ಡಬ್ಬಿಯ ಸುತ್ತುಗಳು ಖರ್ಚು. ಜಮೆಯಿಂದ ಖರ್ಚನ್ನು ಕಳೆದು ಶಿಲ್ಕನ್ನು ತೋರಿಸುವ ಹಲ್ಲುಚಕ್ರಗಳ ಜೋಡಣೆಯನ್ನು ಕೆಲವು ಗಡಿಯಾರಗಳಲ್ಲಿ ಅಳವಡಿಸಿ, ಫಲಕದ ಮೇಲೆ ಮತ್ತೊಂದು ಪುಟ್ಟ ಮುಳ್ಳನ್ನು ಇಡುತ್ತಾರೆ. ಇದೇ ‘ಪವರ್ ರಿಸರ್ವ್’ ಸೂಚಕ. ಕೀಲಿ ಕೊಟ್ಟಂತೆ ಆ ಮುಳ್ಳು ತುಂಬಿದ ಕಡೆಗೆ ಏರುತ್ತದೆ. ಹೊತ್ತು ಕಳೆದಂತೆ ಬರಿದಿನ ಕಡೆಗೆ ಇಳಿಯುತ್ತದೆ.

ಈ ಮುಳ್ಳು ಕೇವಲ ಅಲಂಕಾರವಲ್ಲ. ಹಿಂದೆ ನಾವಿಕರು ನಡುಗಡಲಿನಲ್ಲಿ ತಾವಿರುವ ರೇಖಾಂಶವನ್ನು ತಿಳಿಯಲು ಹಡಗಿನ ಗಡಿಯಾರವನ್ನೇ ನಂಬಿದ್ದರು. ಅದು ನಾಲ್ಕು ನಿಮಿಷ ತಪ್ಪಿದರೆ ಲೆಕ್ಕ ಒಂದು ಡಿಗ್ರಿ ತಪ್ಪುತ್ತದೆ. ಭೂಮಧ್ಯರೇಖೆಯ ಬಳಿ ಅದು ಸುಮಾರು 111 ಕಿಲೋಮೀಟರು. ಅಂತಹ ಗಡಿಯಾರ ನಿಂತೇ ಹೋದರೆ ಗತಿಯೇನು? ಆದ್ದರಿಂದ ಎರಡು ದಿನ ನಡೆಯುವ ಹಡಗಿನ ಗಡಿಯಾರಗಳ ಫಲಕದಲ್ಲಿ ಸೊನ್ನೆಯಿಂದ 56 ಗಂಟೆಗಳವರೆಗಿನ ಸಣ್ಣ ವೃತ್ತವೊಂದಿರುತ್ತಿತ್ತು. ಕೀಲಿ ಕೊಟ್ಟು ಎಷ್ಟು ಹೊತ್ತಾಯಿತೆಂಬುದನ್ನು ಅದು ಸಾರುತ್ತಿತ್ತು. ಹಾಗಿದ್ದರೂ ನಾವಿಕರು ದಿನವೂ ಗೊತ್ತಾದ ವೇಳೆಗೆ ಕೀಲಿ ಕೊಡುವ ನಿಯಮವನ್ನು ಬಿಡಲಿಲ್ಲ. ಮುಳ್ಳು ಎಚ್ಚರಿಸೀತು, ಕೀಲಿ ಕೊಡಬೇಕಾದುದು ಕೈಯೇ.

ಪರಶುರಾಂಪುರದ ಸೀಮೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಕಡಿಮೆಯಾದ ಈ ನೆಲಕ್ಕೆ ಹರಿದು ಬರುವ ವೇದಾವತಿಗೆ ಮೇಲ್ಗಡೆ ಮಾರಿಕಣಿವೆಯಲ್ಲಿ 1907ರ ವೇಳೆಗೆ ಕಟ್ಟಿದ ವಾಣಿವಿಲಾಸ ಸಾಗರವಿದೆ. ಅದರ ಪೂರ್ಣಮಟ್ಟ 130 ಅಡಿ. ನೀರು ಎಷ್ಟು ಅಡಿಗೆ ಬಂತೆಂದು ರೈತರು ವರ್ಷ ವರ್ಷವೂ ವಿಚಾರಿಸುತ್ತಾರೆ. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದುದು 89 ವರ್ಷಗಳ ಅನಂತರ, 2022ರಲ್ಲಿ. ಆ ನಡುವೆ ಎಷ್ಟೋ ಬೇಸಗೆಗಳಲ್ಲಿ ಅಳತೆಯ ಅಂಕಿಯೇ ರೈತನಿಗೆ ಹಿಡಿತವನ್ನು ಕಲಿಸಿತು.

ಪತ್ನಿಯ ಜ್ವರ ಇಳಿದ ಮೇಲೆ ಮೇಷ್ಟರಿಗೆ ಇನ್ನೊಂದು ಸಂಗತಿ ತಿಳಿಯಿತು. ಆಕೆಗೆ ಹದಿನೈದು ದಿನಗಳಿಂದಲೂ ಮೈ ಸರಿಯಿರಲಿಲ್ಲ. “ಹೇಳಬಾರದಿತ್ತೇ?” ಎಂದರೆ, “ನೀವು ಕೇಳಲಿಲ್ಲವಲ್ಲ” ಎಂದರು. ಸದ್ದಿಲ್ಲದೆ ನಡೆಯುವುದು ಸದ್ದಿಲ್ಲದೆಯೇ ಸವೆಯುತ್ತದೆ. ಮನುಷ್ಯನ ಮುಖದ ಮೇಲೆ ಉಳಿದ ಬಲವನ್ನು ತೋರಿಸುವ ಮುಳ್ಳಿಲ್ಲ; ಜೊತೆಯಲ್ಲಿರುವವರು ಕೇಳಬೇಕು.

ಮೇಷ್ಟರು ಹೊಸ ಗಡಿಯಾರವನ್ನು ಕೊಳ್ಳಲಿಲ್ಲ. ಮುಂದಿನ ವರ್ಷದಿಂದ ತರಗತಿಯಲ್ಲಿ ಒಂದು ಪದ್ಧತಿ ಬೆಳೆಯಿತು. ಊಟದ ಗಂಟೆಯಾದೊಡನೆ ಸರದಿಯ ವಿದ್ಯಾರ್ಥಿ ಎದ್ದು ನಿಂತು, “ಸಾರ್, ಕೀಲಿ ಕೊಟ್ಟಿರಾ?” ಎಂದು ಕೇಳಬೇಕು. ಮೇಷ್ಟರು ತಿರುಪನ್ನು ತಿರುಗಿಸಿ, ಕೇಳಿದವನ ಮುಖವನ್ನು ಒಮ್ಮೆ ನೋಡಿ, “ಕೊಟ್ಟೆ. ನೀನು ಬೆಳಗ್ಗೆ ಉಂಡೆಯಾ?” ಎಂದು ಮರಳಿ ಕೇಳುತ್ತಿದ್ದರು.