ಅಪ್ಪನ ಯೆಜ್ಡಿ, ನನ್ನ ಕಿವಿ

ಆದಿವಾಲದ ನಮ್ಮ ಮನೆ ಹಿಂದಿನ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ, ಅಪ್ಪನ ಯೆಜ್ಡಿ ಇದೆ. ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ನೀರು ನೋಡಲು ನನ್ನನ್ನು ಹಿಂದೆ ಕೂರಿಸಿಕೊಂಡು ಹೋಗಿದ್ದೇ ಅಪ್ಪನ ಕೊನೆಯ ದೊಡ್ಡ ಸವಾರಿ. ಆಮೇಲೆ ಅವನ ಕಿವಿ ಮಂದವಾಗುತ್ತಾ ಬಂತು, ಗಾಡಿಯೂ ಮೂಲೆ ಸೇರಿತು.

ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಈ ಗಾಡಿ ಹುಟ್ಟಿದ್ದೂ ಅದೇ ಊರಲ್ಲಿ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. 1961ರಲ್ಲಿ ಜಾವಾ ಹೆಸರಿನಲ್ಲಿ ಶುರುವಾಗಿ, ಎಪ್ಪತ್ತರ ದಶಕದಲ್ಲಿ ಯೆಜ್ಡಿಯಾಗಿ, 1996ರಲ್ಲಿ ಬಾಗಿಲು ಮುಚ್ಚಿತು. ಮೈಸೂರಲ್ಲಿ ಯೆಜ್ಡಿಯ ಸದ್ದು ಕೇಳಿದಾಗಲೆಲ್ಲ ನನಗೆ ಮನೆಯ ನೆನಪು. ಕಳೆದ ದೀಪಾವಳಿಗೆ ಹೋದಾಗ ಅಪ್ಪ ಸ್ಕ್ರೂಡ್ರೈವರ್ ಕೈಗಿಟ್ಟ. 'ಕಾರ್ಬ್ರೇಟರ್ ನೀನೇ ಬಿಚ್ಚವ್ವ. ನನಗೆ ಇಂಜಿನ್ ಮಾತು ಕೇಳ್ತಿಲ್ಲ.'

ನಿಂತಲ್ಲೇ ಒಣಗಿದ ಪೆಟ್ರೋಲು ಬಟ್ಟಲಲ್ಲಿ ಹಲಸಿನ ಮೇಣದ ಹಾಗೆ ಅಂಟಿಕೊಂಡಿತ್ತು. ಪೈಲಟ್ ಜೆಟ್ಟಿನ ತೂತು ಕಟ್ಟಿತ್ತು. ಸೂಜಿ ಹುಡುಕಲು ಹೊರಟೆ, ಅಪ್ಪ ತಡೆದ. ಜೆಟ್ಟು ಹಿತ್ತಾಳೆಯದು, ಉಕ್ಕಿನ ಸೂಜಿ ತೂರಿಸಿದರೆ ತೂತೇ ಅಗಲವಾಗುತ್ತದೆ. ಹಳೆಯ ವೈರಿನಿಂದ ತಾಮ್ರದ ಒಂದೇ ಎಳೆ ಬಿಡಿಸಿ ಕೊಟ್ಟ.

ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಆಯಿಲ್ ಬರುವುದು ಪೆಟ್ರೋಲಿನ ಜೊತೆಗೇ. ಪೆಟ್ರೋಲು ಕಡಿಮೆಯಾದರೆ ಪಿಸ್ಟನ್ನಿಗೆ ಆಯಿಲ್ಲೂ ಕಡಿಮೆ. ಬಿಸಿಯೇರಿ ಸೀಜ್ ಆಗುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೇರೆ. ಅದಕ್ಕೆ ಉರಿಯಲು ಗಾಳಿ ಕಡಿಮೆ ಸಾಕು, ಹಾಗಾಗಿ ಹಳೆಯ ಲೆಕ್ಕದ ಜೆಟ್ಟಿನಲ್ಲಿ ಗಾಳಿಯೇ ಹೆಚ್ಚಾಗಿಬಿಡುತ್ತದೆ. ಸ್ಲೈಡಿನ ಸೂಜಿಯ ಕ್ಲಿಪ್ಪನ್ನು ಒಂದು ಗಾಡಿ ಕೆಳಗಿಳಿಸಿ, ಸೂಜಿಯನ್ನು ಅಷ್ಟು ಮೇಲೆತ್ತಿದೆವು.

ಉಳಿದದ್ದು ಏರ್ ಸ್ಕ್ರೂ. ಮೆಲ್ಲಗೆ ಪೂರ್ತಿ ಮುಚ್ಚಿ, ಒಂದೂವರೆ ಸುತ್ತು ಬಿಚ್ಚಿದೆ. ನೋಟ್ ಬುಕ್ಕಿನಲ್ಲಿ 'ಒಂದೂವರೆ' ಎಂದು ಬರೆದುಕೊಂಡೆ. ಅಪ್ಪನಿಗೆ ನಗು. 'ಅದು ಬಾಗ್ಲವ್ವ, ಮನೆ ಇನ್ನೂ ಒಳಗೈತೆ.'

ಇಂಜಿನ್ ಬಿಸಿಯಾಯಿತು. ಅಪ್ಪ ಟ್ಯಾಂಕಿನ ಮೇಲೆ ಅಂಗೈ ಊರಿ ನಿಂತ. ನಾನು ಕಾಲು ಸುತ್ತು ತಿರುಗಿಸಿದೆ.

'ಏನ್ ಕೇಳ್ತು?'

ಏನೆಂದು ಹೇಳುವುದು? ಮುನ್ನೂರು ಪುಟದ ಪ್ರಬಂಧ ಬರೆಯುತ್ತಿರುವ ನನ್ನ ಬಳಿ ಆ ಸದ್ದಿಗೊಂದು ಪದವಿರಲಿಲ್ಲ. 'ಒಂಥರಾ ಇದೆ' ಅಂತ ಕೂಗಿದೆ.

'ಒಂಥರಾ ಅಂದ್ರೆ? ಹಸಿದೈತಾ, ಹೊಟ್ಟೆ ಭಾರ ಆಗೈತಾ?'

ಈಗ ಕೇಳಿಸತೊಡಗಿತು. ಸ್ಕ್ರೂ ಬಿಚ್ಚುತ್ತಾ ಹೋದರೆ ಗಾಳಿ ಹೆಚ್ಚಿ ಸದ್ದು ತೆಳ್ಳಗಾಗುತ್ತಿತ್ತು, ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ತಕ್ಷಣ ಇಳಿಯದೆ ಅಳುವ ಕೂಸಿನಂತೆ ಎಳೆಯುತ್ತಿತ್ತು. ಅದು ಹಸಿವು. ಮುಚ್ಚುತ್ತಾ ಬಂದರೆ ಹೊಗೆ ದಟ್ಟವಾಗಿ, ಮಧ್ಯೆ ಮಧ್ಯೆ ಒಂದೊಂದು ಬಡಿತ ತಪ್ಪುತ್ತಿತ್ತು. ಅದು ಹೊಟ್ಟೆಭಾರ. ಎರಡರ ನಡುವೆ ಎಲ್ಲೋ ಸದ್ದು ಸಮವಾಗಿ ತುಸು ಏರಿತು. ನಾನು ಹೇಳುವ ಮೊದಲೇ ಅಪ್ಪ ಟ್ಯಾಂಕಿನಿಂದ ಕೈ ತೆಗೆದ. ಸ್ಕ್ರೂ ಆಗ ಎಷ್ಟು ಸುತ್ತಿನಲ್ಲಿತ್ತೋ, ಬರೆದುಕೊಳ್ಳಲು ಮರೆತೆ.

'ನೀನೇ ಓಡ್ಸು' ಎಂದು ಹಿಂದೆ ಕೂತ. ಯೆಜ್ಡಿಯಲ್ಲಿ ಕಿಕ್ಕೂ ಗೇರೂ ಒಂದೇ ಲಿವರ್. ಹೆದ್ದಾರಿಯ ಸರ್ವಿಸ್ ರಸ್ತೆ ಮುಟ್ಟುವಷ್ಟರಲ್ಲಿ ಕ್ಲಚ್ ಬೇಗ ಬಿಟ್ಟು ನಿಲ್ಲಿಸಿಬಿಟ್ಟೆ. ಲಿವರ್ ಒತ್ತಿ ಮೇಲೆತ್ತಲು ನಾನು ಒದ್ದಾಡುತ್ತಿದ್ದರೆ ಹಿಂದಿದ್ದ ಲಾರಿಯವನು ಹಾರ್ನ್ ಒತ್ತುತ್ತಲೇ ಇದ್ದ. ಅಪ್ಪನಿಗೆ ಅದು ಕೇಳಿಸಲಿಲ್ಲ. 'ಸ್ಲೋ ಒಂಚೂರು ಜಾಸ್ತಿ ಇಡ್ಬೇಕಿತ್ತು ಕಣವ್ವ' ಅಂದ, ಆರಾಮಾಗಿ.